ಒಳಬಾಗಿಲಿಗೆ ಬಿದ್ದ ಗೀರು

ದೂಧಗಂಗಾ ಮತ್ತು ವೇದಗಂಗಾ ಕೂಡುವಲ್ಲಿರುವ ಭೋಜದಂಥ ಊರಿನಲ್ಲಿ ಹಳೆಯ ಮನೆಯ ತಲಬಾಗಿಲನ್ನು ಹತ್ತಿರದಿಂದ ನೋಡಬೇಕು. ಎತ್ತುಗಳು ಒಳಗೆ ಹೊರಗೆ ಹಾಯ್ದು ಚೌಕಟ್ಟಿನ ಅಂಚು ನುಣುಪಾಗಿರುತ್ತದೆ. ಅರಿಶಿಣ ಕುಂಕುಮ ಹಚ್ಚಿ ಹಚ್ಚಿ ಹೊಸ್ತಿಲಿಗೆ ಬೇರೆಯೇ ಬಣ್ಣ ಬಂದಿರುತ್ತದೆ. ನದಿಯ ದಂಡೆಗೆ ಹತ್ತಿರದ ಓಣಿಯಾದರೆ ನೆರೆ ನೀರು ಎಲ್ಲಿಯವರೆಗೆ ಏರಿತ್ತು ಎಂಬ ಗೆರೆಯೂ ಹಲಗೆಯ ಮೇಲೆ ಉಳಿದಿರಬಹುದು. ಇಷ್ಟೆಲ್ಲ ಗುರುತು ಹೊತ್ತ ಬಾಗಿಲಿನಲ್ಲಿ ನಾಯಿಯ ಉಗುರಿನ ಗೀರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ.

ಅದೇ ಸೀಮೆಯ ಹೊಸ ಮನೆಗೆ ಹೋದರೆ ಗೀರು ಕಣ್ಣಿಗೆ ಹೊಡೆಯುತ್ತದೆ. ಅದು ತಲಬಾಗಿಲಿಗೆ ಬಿದ್ದಿರುವುದಿಲ್ಲ, ಮಲಗುವ ಕೋಣೆಯ ಬಾಗಿಲಿಗೆ, ಅದೂ ಒಳಮೈಗೆ ಬಿದ್ದಿರುತ್ತದೆ. ನೆಲದಿಂದ ಎರಡು, ಎರಡೂವರೆ ಅಡಿ ಎತ್ತರದವರೆಗೆ ಪಾಲಿಶ್ ಕಿತ್ತು, ಪ್ಲೈ ಎದ್ದು, ಚಿಲಕದ ಕೆಳಗೆ ಒಂದು ತಗ್ಗು. ಮನೆಮಂದಿ ಬೀಗ ಹಾಕಿಕೊಂಡು ನಿಪ್ಪಾಣಿಗೋ ಚಿಕ್ಕೋಡಿಗೋ ಹೋಗಿ ಬರುವಷ್ಟರಲ್ಲಿ ಒಳಗುಳಿದ ನಾಯಿ ಮಾಡಿದ ಕೆಲಸ ಅದು. ಬಡಿಗೇರರನ್ನು ಕರೆಸಿ ಬಾಗಿಲು ಬದಲಿಸಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಪಾಡು. ಈ ಗೀರಿಗೂ ಒಂದು ಚರಿತ್ರೆಯಿದೆ. ಮನೆ ಹೇಗೆ ಬದಲಾಯಿತು, ನಾಯಿ ಯಾವಾಗ ಹೊಸ್ತಿಲು ದಾಟಿತು ಎಂಬ ಎರಡು ಕತೆಗಳು ಆ ಬಾಗಿಲಿನಲ್ಲಿ ಬಂದು ಕೂಡುತ್ತವೆ.

ಈ ಭಾಗದ ಹಳೆಯ ಒಕ್ಕಲುಮನೆಯ ಏರ್ಪಾಡು ಸರಳವಾಗಿತ್ತು. ಹೊರಗೆ ಕಟ್ಟೆ. ತಲಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಗೋದಲಿ. ಅಲ್ಲಿಂದ ಒಂದು ಮೆಟ್ಟಿಲು ಏರಿದರೆ ಪಡಸಾಲೆ. ಅದರಾಚೆ ಅಡುಗೆಮನೆ, ದೇವರಮನೆ, ಕಾಳುಕಡಿಯ ಕೋಣೆ. ಕಂಬ, ತೊಲೆ, ಜಂತಿಗಳ ಆ ಮನೆಯಲ್ಲಿ ಒಳಬಾಗಿಲುಗಳು ಕಡಿಮೆ. ಇದ್ದವೂ ತಗ್ಗು, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಹಲಗೆಗಳು ದಪ್ಪ. ಬಾಗಿಲಿಗೆ ಈಗಿನ ಬಿಜಾಗರಿ ಇರಲಿಲ್ಲ, ಮೇಲೆ ಕೆಳಗೆ ತಿರುಗುಣಿಯ ಮೇಲೆ ನಿಂತು ಅದು ಕಿರ್ರೆಂದು ತಿರುಗುತ್ತಿತ್ತು. ರಾತ್ರಿ ಹಿಂದಿನಿಂದ ಅಗಳಿ ಸರಿಸಿದರೆ ಮುಗಿಯಿತು. ಹಗಲಿನಲ್ಲಿ ಆ ಬಾಗಿಲು ಮುಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ. ಹೊಲಕ್ಕೆ ಹೋದವರು ಹೋದರೂ ಮನೆಯಲ್ಲಿ ಅಜ್ಜಿ ಇದ್ದಳು, ಬಾಣಂತಿ ಇದ್ದಳು, ಕೂಸು ಇತ್ತು. ನಾಯಿಗೆ ಒಂಟಿತನ ಬರಬೇಕಾದರೆ ಮೊದಲು ಮನೆ ಖಾಲಿಯಾಗಬೇಕು. ಆಗಿನ ಮನೆ ಖಾಲಿಯಾಗುತ್ತಿರಲಿಲ್ಲ.

ಬಾಗಿಲನ್ನು ಪ್ರಾಣಿಯಿಂದ ಕಾಯಬೇಕೆಂಬ ಚಿಂತೆ ಹಿಂದೆಯೂ ಇತ್ತು. ಆದರೆ ಅದು ಹೊರಗಿನ ಪ್ರಾಣಿಯ ಭಯ. ಪುಣೆಯ ಶನಿವಾರವಾಡೆಯ ದಿಲ್ಲಿ ದರವಾಜೆಯ ಮೇಲೆ ಇಂದಿಗೂ ಸಾಲುಸಾಲು ಕಬ್ಬಿಣದ ಮುಳ್ಳುಗಳಿವೆ. ಆನೆ ತಲೆಯಿಂದ ಗುದ್ದಿ ಕದ ಒಡೆಯಬಾರದು ಎಂದು ಬಡಿದ ಮುಳ್ಳುಗಳು ಅವು. ಪೇಶ್ವೆಯ ಸರದಾರರಾಗಿದ್ದ ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳ್ಕರರ ಕಾಲದಲ್ಲಿ ಈ ಸೀಮೆಗೂ ಪುಣೆಗೂ ಹೋಗಿಬರುವ ನಂಟು ಗಟ್ಟಿಯಾಗಿತ್ತು. ವಾಡೆ ಕಟ್ಟುವ ರೀತಿಯೂ ಎರಡೂ ಕಡೆ ಹತ್ತಿರದ್ದೇ. ವಾಡೆಯ ಹೆಬ್ಬಾಗಿಲಿಗೆ ಕಬ್ಬಿಣದ ಪಟ್ಟಿ, ಗುಬ್ಬಿ ತಲೆಯ ಮೊಳೆ, ಒಬ್ಬರೇ ನುಸುಳುವಷ್ಟು ಸಣ್ಣ ದಿಡ್ಡಿ. ಕಾವಲೆಲ್ಲ ಹೊರಮೈಗೆ. ಒಳಮೈಯನ್ನು ಯಾರಿಂದಲಾದರೂ ಕಾಯಬೇಕೆಂದು ಆ ಕಾಲದ ಬಡಿಗೇರನಿಗೆ ಅನ್ನಿಸುವ ಕಾರಣವೇ ಇರಲಿಲ್ಲ.

ನಾಯಿ ಎಲ್ಲಿತ್ತು? ಕಟ್ಟೆಯ ಮೇಲೆ, ಬಣವೆಯ ಬುಡದಲ್ಲಿ, ಚಕ್ಕಡಿಯ ನೆರಳಿನಲ್ಲಿ. ಹೊಸ್ತಿಲು ಅದಕ್ಕೆ ಗಡಿ. ದಿನಕ್ಕೆ ಒಂದೋ ಎರಡೋ ರೊಟ್ಟಿ ಹೊಸ್ತಿಲ ಆಚೆಗೆ ಬೀಳುತ್ತಿತ್ತು, ಅದನ್ನು ತಿಂದು ಅದು ಓಣಿ ಕಾಯುತ್ತಿತ್ತು. ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದಲ್ಲಿ ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವ ತೋಟದ ವಸ್ತಿಗಳು ಬಹಳ. ಅಲ್ಲಂತೂ ನಾಯಿಯಿಲ್ಲದೆ ರಾತ್ರಿ ನಡೆಯುವುದಿಲ್ಲ. ಹಂದಿ, ನರಿ, ಕಳ್ಳ ಯಾರೇ ಬಂದರೂ ಮೊದಲು ಕೂಗುವುದು ಅದೇ.

ಕುರಿಗಾರರ ನಾಯಿಗಂತೂ ಬಾಗಿಲೆಂಬುದೇ ಗೊತ್ತಿಲ್ಲ. ಭೋಜಕ್ಕೆ ದೂರವಲ್ಲದ, ವೇದಗಂಗೆಯ ದಂಡೆಯ ಅಕ್ಕೋಳ ಸಂತ ಬಾಳುಮಾಮಾ ಹುಟ್ಟಿದ ಊರು. 1892ರಲ್ಲಿ ಹುಟ್ಟಿ 1966ರಲ್ಲಿ ಕೊಲ್ಲಾಪುರ ಜಿಲ್ಲೆಯ ಆದಮಾಪುರದಲ್ಲಿ ದೇಹ ಬಿಟ್ಟ ಅವರು ಜೀವನವಿಡೀ ಕುರಿಗಳ ಹಿಂದೆ ನಡೆದವರು. ಅವರ ಹೆಸರಿನ ಕುರಿಹಿಂಡುಗಳು ಇವತ್ತಿಗೂ ಕರ್ನಾಟಕ, ಮಹಾರಾಷ್ಟ್ರದ ಊರೂರು ಸುತ್ತುತ್ತವೆ, ಹಿಂಡು ಹೊಲಕ್ಕೆ ಬಂದರೆ ರೈತರು ಭಕ್ತಿಯಿಂದ ಬರಮಾಡಿಕೊಳ್ಳುತ್ತಾರೆ. ಇಂಥ ಅಲೆಮಾರಿ ಬದುಕಿನಲ್ಲಿ ಕುರಿಗಾರ ಕಂಬಳಿ ಹೊದ್ದು ಮಲಗುವುದೂ ಬಯಲಲ್ಲಿ, ನಾಯಿ ಮಲಗುವುದೂ ಅವನ ಪಕ್ಕದ ಬಯಲಲ್ಲಿ. ಇಬ್ಬರ ನಡುವೆ ಒಂದು ಪರದೆಯೂ ಇಲ್ಲ. ನಾಯಿಯ ಜೊತೆ ಮನುಷ್ಯ ಬಾಳಿದ ಸಾವಿರಾರು ವರ್ಷಗಳ ರೀತಿ ಹೆಚ್ಚುಕಡಿಮೆ ಇದೇ. ಕದ ಮುಚ್ಚಿದ ಕೋಣೆ ಅದರ ಬಾಳಿಗೆ ತೀರಾ ಈಚೆಗೆ ಬಂದದ್ದು.

ಹೊಸ್ತಿಲ ಹೊರಗಿತ್ತು ಎಂದ ಮಾತ್ರಕ್ಕೆ ನಾಯಿಗೆ ಮರ್ಯಾದೆ ಇರಲಿಲ್ಲ ಎಂದಲ್ಲ. ಕಾಗವಾಡ ತಾಲ್ಲೂಕಿನ ಮಂಗಸೂಳಿ ಖಂಡೋಬನ ದೊಡ್ಡ ಕ್ಷೇತ್ರ. ಕುದುರೆ ಏರಿದ ಖಂಡೋಬನ ಜೊತೆಗೆ ಓಡುವುದು ನಾಯಿ. ಕನ್ನಡದವರು ಮೈಲಾರಲಿಂಗನೆಂದು ಕರೆಯುವ ಇದೇ ದೇವರ ಸೇವೆಯಲ್ಲಿ ವಗ್ಗಯ್ಯಗಳೆಂಬ ಭಕ್ತರು ದೇವರ ನಾಯಿಗಳಾಗುತ್ತಾರೆ, ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಯಲ್ಲಿಟ್ಟ ಎಡೆಗೆ ಬಾಯಿ ಹಾಕಿ ತಿನ್ನುತ್ತಾರೆ. ಮನುಷ್ಯ ತಾನಾಗಿ ನಾಯಿಯಾಗಿ ದೇವರ ಬಾಗಿಲಲ್ಲಿ ಕೂರುವ ಈ ಸೇವೆಯಲ್ಲಿ ನಾಯಿಯ ಮುಖ್ಯ ಗುಣವನ್ನು ಜನಪದರು ಸರಿಯಾಗಿ ಹಿಡಿದಿದ್ದಾರೆ: ಒಡೆಯನನ್ನು ಬಿಟ್ಟು ಅದಕ್ಕೆ ಇರಲಾಗದು.

ಭೋಜ ಜೈನರಿಗೂ ದೊಡ್ಡ ಹೆಸರಿನ ಊರು. 20ನೇ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ಇದೇ ಊರಿನ ಪಾಟೀಲ ಮನೆತನದವರು. ಪೂರ್ವಾಶ್ರಮದ ಹೆಸರು ಸಾತಗೌಡ. ಜೈನ ಒಕ್ಕಲಿಗರ ಮನೆಗಳಲ್ಲಿ ಮಡಿ ಬಿಗಿ, ಅಡುಗೆಮನೆಯ ಹತ್ತಿರಕ್ಕೆ ನಾಯಿ ಬರುವ ಮಾತೇ ಇಲ್ಲ. ಆದರೆ ಅವರ ಪುರಾಣದಲ್ಲಿ ನಾಯಿಗೊಂದು ಮನ ಕಲಕುವ ಜಾಗವಿದೆ. ಯಜ್ಞದ ಅನ್ನ ಮುಟ್ಟಿತೆಂದು ಏಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನೆಂಬ ರಾಜಕುಮಾರ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ, ನಾಯಿ ಸತ್ತು ಯಕ್ಷನಾಗಿ ಹುಟ್ಟಿ ಆ ಉಪಕಾರವನ್ನು ಮರೆಯದೆ ಅವನ ನೆರವಿಗೆ ನಿಲ್ಲುತ್ತದೆ. ಭಾಸ್ಕರ ಕವಿ 1424ರಲ್ಲಿ ಕನ್ನಡದಲ್ಲಿ ಬರೆದ ‘ಜೀವಂಧರ ಚರಿತೆ’ ಈ ಜೀವಂಧರನ ಕತೆಯೇ.

ಇನ್ನೂ ಹಿಂದಕ್ಕೆ ಹೋದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸಿಗುತ್ತದೆ. ಕ್ರಿ.ಶ. 949–50ರ ಆ ಶಾಸನದಲ್ಲಿ ಮಣಲೇರ ಎಂಬ ವೀರ, ತಕ್ಕೋಲದ ಯುದ್ಧದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಏನು ಬೇಕೆಂದು ಒಡೆಯ ಕೇಳಿದಾಗ ‘ಕಾಳಿ’ ಎಂಬ ನಾಯಿಯನ್ನು ಬೇಡುತ್ತಾನೆ. ಆ ನಾಯಿ ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸಾಯುತ್ತವೆ. ಮಣಲೇರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡುತ್ತಾನೆ. ನಾಯಿಗೆ ನಮ್ಮವರು ಕೊಟ್ಟ ಇಷ್ಟು ದೊಡ್ಡ ಗೌರವವೂ ಗುಡಿಯ ಹೊರಗೇ ನಿಂತಿತು.

ಮನೆ ಬದಲಾದದ್ದು ನಿಧಾನಕ್ಕೆ. 1956ರಲ್ಲಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಇದು ತಂಬಾಕು, ಜೋಳ, ಶೇಂಗಾದ ನಾಡು. ನದಿಯಿಂದ ನೀರೆತ್ತುವ ಪಂಪು ಬಂದವು, ಕಬ್ಬು ಬಂತು, ಅದರ ಹಿಂದೆ ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾದಂಥ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ಕಬ್ಬಿನ ಬಿಲ್ಲಿನ ಹಣದಲ್ಲಿ ಮಣ್ಣಿನ ಗೋಡೆ ಕೆಡವಿ ಇಟ್ಟಿಗೆ, ಸಿಮೆಂಟಿನ ಗೋಡೆ ಎದ್ದವು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಾಗ ಗೋದಲಿ ಮನೆಯಿಂದ ಹೊರಬಿತ್ತು. ಪಡಸಾಲೆ ಹಾಲ್ ಆಯಿತು, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕೋಣೆಗೊಂದು ಬಾಗಿಲು.

ಆ ಬಾಗಿಲುಗಳಿಗೆ ಸಾಗವಾನಿ ಎಲ್ಲಿಂದ ತರುವುದು? ದಾಂಡೇಲಿಯಲ್ಲಿ 1940ರ ದಶಕದಲ್ಲೇ ಪ್ಲೈವುಡ್ ಕಾರ್ಖಾನೆ ಶುರುವಾಗಿತ್ತು. ಮುಂದೆ ಪ್ಲೈ ಹಾಳೆ ಅಂಟಿಸಿದ ಫ್ಲಶ್ ಬಾಗಿಲು ತಾಲ್ಲೂಕು ಊರಿನ ಅಂಗಡಿಗೂ ಬಂತು. 30, 35 ಮಿಲಿಮೀಟರ್ ದಪ್ಪ, ಒಳಗೆ ಅಗ್ಗದ ಕಟ್ಟಿಗೆಯ ತುಂಡು, ಮೇಲೆ ತೆಳುಹಾಳೆ. 2019ರ ಆಗಸ್ಟ್, 2021ರ ಜುಲೈ ತಿಂಗಳ ಮಹಾಪೂರದಲ್ಲಿ ಈ ಸೀಮೆಯ ಹಳೆಯ ಮಣ್ಣಿನ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದವು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ ನೆರವು 5 ಲಕ್ಷ ರೂಪಾಯಿ. ಆ ಮೊತ್ತದಲ್ಲಿ ಗೋಡೆ, ಸ್ಲ್ಯಾಬ್ ಮುಗಿಸಿ ಒಳಬಾಗಿಲಿಗೆ ಬರುವಷ್ಟರಲ್ಲಿ ಕೈ ಖಾಲಿ. ಸಿಕ್ಕಿದ್ದರಲ್ಲಿ ಅಗ್ಗದ್ದನ್ನು ಕೂಡಿಸಿದವರನ್ನು ದೂರುವಂತಿಲ್ಲ. ಅಜ್ಜನ ಕಾಲದ ಹಲಗೆಯ ಮೇಲೆ ನಾಯಿ ವರ್ಷವಿಡೀ ಗೆಬರಿದರೂ ಒಂದು ಗೆರೆ ಮೂಡುತ್ತಿತ್ತು, ಈ ಹಾಳೆ ಅರ್ಧ ಗಂಟೆಗೆ ಹರಿಯುತ್ತದೆ.

ನಾಯಿಯ ಕತೆ ಇನ್ನೂ ಬೇಗ ಓಡಿತು. ಮೊದಲು ಒಳಗೆ ಬಂದದ್ದು ಬಿಳಿಯ, ಜುಬ್ಬುಗೂದಲಿನ, ಜನ ಪಾಮೇರಿಯನ್ ಎನ್ನುತ್ತಿದ್ದ ನಾಯಿ. 1994ರ ಹಿಂದಿ ಚಿತ್ರ ‘ಹಮ್ ಆಪ್ಕೆ ಹೈ ಕೌನ್’ನಲ್ಲಿ ಅಂಥದೇ ನಾಯಿ ಮನೆಯ ಮಗುವಿನಂತೆ ಓಡಾಡಿದ್ದನ್ನು ನಿಪ್ಪಾಣಿಯ ಟಾಕೀಜಿನವರೆಗೆ ಎಲ್ಲರೂ ನೋಡಿದರು. ಹತ್ತು ವರ್ಷದೊಳಗೆ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್ ಬಂತು. ಅದು ಹುಡುಗನ ಹಿಂದೆ ಹೋದಲ್ಲೆಲ್ಲ ಹೋಗುವ ನಾಯಿ, ಜಾಹೀರಾತಿನ ತಿರುಳೇ ಅದು. ಆಮೇಲೆ ಲ್ಯಾಬ್ರಡಾರ್. ಈಚೆಗೆ ನಮ್ಮದೇ ಮುಧೋಳ. ಮುಧೋಳದ ಘೋರ್ಪಡೆ ರಾಜರು ಸಾಕಿ ಉಳಿಸಿದ ಈ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಸೇನೆಯ ಮೀರಠ್ ಕೇಂದ್ರಕ್ಕೆ ಹೋದವು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಅದರ ಹೆಸರು ಹೇಳಿದರು. ಬಯಲಿನಲ್ಲಿ ಮೊಲದ ಬೆನ್ನುಹತ್ತಿ ಓಡಲೆಂದೇ ಇರುವ ಉದ್ದ ಕಾಲಿನ ಆ ನಾಯಿಯನ್ನು ಹತ್ತಕ್ಕೆ ಹತ್ತರ ಕೋಣೆಯಲ್ಲಿ ಕೂಡಿಹಾಕಿದರೆ ಬಾಗಿಲಿಗೆ ಆಪತ್ತು ಬಾರದೆ ಇರುತ್ತದೆಯೇ?

2020ರ ಲಾಕ್‌ಡೌನ್ ಇದಕ್ಕೆ ಇನ್ನೊಂದು ತೂಕ ಸೇರಿಸಿತು. ಆ ತಿಂಗಳುಗಳಲ್ಲಿ ಮನೆಗೆ ಬಂದ ಮರಿಗಳು ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಇಡೀ ದಿನ ಮನೆಯಲ್ಲೇ ಇರುವ ಜನರನ್ನು. ಶಾಲೆ, ಕಾರ್ಖಾನೆ, ಕಚೇರಿ ತೆರೆದ ದಿನ ಮನೆ ಒಮ್ಮೆಲೇ ಬರಿದಾಯಿತು. ಏಕೆ ಎಂದು ಮರಿಗೆ ಹೇಳುವವರು ಯಾರು?

ಒಂಟಿಯಾಗಿ ಉಳಿದ ನಾಯಿಯ ಈ ಪಾಡನ್ನು ಪಶುವೈದ್ಯರು ಅಗಲಿಕೆಯ ಆತಂಕ ಎಂದು ಗುರುತಿಸುತ್ತಾರೆ. ಅದರ ಲಕ್ಷಣಗಳು ಸ್ಪಷ್ಟ. ಮನೆಯವರು ಹೊರಟ ಕೆಲವೇ ನಿಮಿಷಗಳಲ್ಲಿ ಚಡಪಡಿಕೆ ಶುರು, ಜೋರು ಇರುವುದು ಮೊದಲ ಅರ್ಧ ಗಂಟೆಯಲ್ಲಿ. ಅತ್ತಿಂದಿತ್ತ ಸುತ್ತುವುದು, ಊಳಿಡುವುದು, ಜೊಲ್ಲು ಸುರಿಸುವುದು, ಕಲಿಸಿದ ನಾಯಿಯೂ ಒಳಗೇ ಉಚ್ಚೆ ಹೊಯ್ಯುವುದು. ಬೇಸರಕ್ಕೆ ಕಚ್ಚುವ ನಾಯಿ ಚಪ್ಪಲಿ, ದಿಂಬು, ಸಿಕ್ಕಿದ್ದನ್ನು ಕಚ್ಚುತ್ತದೆ. ಆತಂಕದ ನಾಯಿ ಹುಡುಕುವುದು ದಾರಿಯನ್ನು, ಹಾಗಾಗಿ ಅದರ ಹಾವಳಿ ಬಾಗಿಲು, ಕಿಟಕಿಗಳ ಸುತ್ತ. ಉಗುರು ಕಿತ್ತು ರಕ್ತ ಬಂದರೂ, ಹಲ್ಲು ಮುರಿದರೂ ಬಿಡದು. ದೀಪಾವಳಿಯ ಪಟಾಕಿ, ಮಳೆಗಾಲದ ಗುಡುಗು ಇದೇ ನಾಯಿಯನ್ನು ಇನ್ನಷ್ಟು ಕೆರಳಿಸುತ್ತವೆ. ಇದು ಸೇಡಲ್ಲ, ಸೊಕ್ಕಲ್ಲ, ಭಯ. ಬಂದೊಡನೆ ಮುರಿದ ಬಾಗಿಲು ತೋರಿಸಿ ಬಡಿಯುವುದರಿಂದ ನಾಯಿ ಕಲಿಯುವುದು ಒಂದೇ: ಒಡೆಯ ಹೋದರೂ ಭಯ, ಬಂದರೂ ಭಯ.

ಹಾಗೆಂದು ದಿನವಿಡೀ ಸರಪಳಿಯಲ್ಲಿ ಬಿಗಿಯುವುದೂ ದಾರಿಯಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ 11ನೇ ಕಲಮು ಈ ಬಗ್ಗೆ ಖಚಿತವಾಗಿದೆ. ಪ್ರಾಣಿಯನ್ನು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಅಪರಾಧ, ಸದಾ ಕಟ್ಟಿದ ಅಥವಾ ಕೂಡಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಬಿಡುವುದೂ ಅಪರಾಧ.

ಬಾಗಿಲನ್ನು ಕಾಯಲು ಊರಿನಲ್ಲೇ ಸಿಗುವ ಸಾಮಾನು ಸಾಕು. ಹಳಬರು ಹೆಬ್ಬಾಗಿಲಿಗೆ ಕಬ್ಬಿಣದ ಪಟ್ಟಿ ಬಡಿದ ಉಪಾಯವನ್ನು ಈಗ ಒಳಮೈಗೆ ತಿರುಗಿಸಿದರಾಯಿತು. ಬಾಗಿಲಿನ ಅಗಲಕ್ಕೆ ಸರಿಯಾಗಿ, ನಾಯಿ ಹಿಂಗಾಲ ಮೇಲೆ ನಿಂತರೆ ಮುಂಗಾಲು ಮುಟ್ಟುವ ಎತ್ತರಕ್ಕಿಂತ ಅರ್ಧ ಅಡಿ ಮೇಲಿನವರೆಗೆ ಅಲ್ಯೂಮಿನಿಯಂ ಅಥವಾ ಸ್ಟೀಲಿನ ತಗಡು ಕತ್ತರಿಸಿಕೊಂಡು ಸ್ಕ್ರೂ ಹಾಕಿ ಕೂಡಿಸಬೇಕು. ಅಂಟು ಒಂದನ್ನೇ ನಂಬಿದರೆ ಮೂಲೆ ಎದ್ದು, ನಾಯಿ ಅಲ್ಲಿಂದಲೇ ಕೀಳುತ್ತದೆ. ತಗಡಿನ ಅಂಚು ಮಡಿಸಿರಲೇಬೇಕು, ಇಲ್ಲದಿದ್ದರೆ ಕಾಲು ಸೀಳುತ್ತದೆ. ತಗಡಿನ ಸಪ್ಪಳಕ್ಕೇ ಬೆದರುವ ನಾಯಿಯಾದರೆ ದಪ್ಪ ಅಕ್ರಿಲಿಕ್ ಹಾಳೆ ವಾಸಿ, ಬಾಗಿಲಿನ ಬಣ್ಣವೂ ಕಾಣುತ್ತದೆ. ಸನ್‌ಮೈಕಾ ನೋಡಲು ಚೆಂದ, ಆದರೆ ಅಂಚು ಒಮ್ಮೆ ಚಕ್ಕೆ ಎದ್ದರೆ ತಡೆಯದು. ಬಹಳ ಜನ ಮರೆಯುವುದು ಚೌಕಟ್ಟನ್ನು. ಚಿಲಕದ ಬದಿಯ ಚೌಕಟ್ಟಿಗೂ ಒಂದು ಪಟ್ಟಿ ಬೇಕು, ನಾಯಿಯ ಕಣ್ಣು ಬೆಳಕು ಬರುವ ಸಂದಿನ ಮೇಲೆಯೇ ಇರುತ್ತದೆ. ಉಗುರು ನೆಲಕ್ಕೆ ತಾಗಿ ಟಕಟಕ ಎನ್ನುವಷ್ಟು ಬೆಳೆದಿದ್ದರೆ ಕತ್ತರಿಸಬೇಕು.

ನಾಯಿ ಹತ್ತಿರ ಬಾರದಿರಲೆಂದು ಬಾಗಿಲಿಗೆ ಖಾರದ ಪುಡಿ, ಸೀಮೆಎಣ್ಣೆ ಹಚ್ಚುವವರಿದ್ದಾರೆ, ನುಸಿಗುಳಿಗೆ ಇಡುವವರಿದ್ದಾರೆ. ದಯವಿಟ್ಟು ಬೇಡ. ನುಸಿಗುಳಿಗೆ ನಾಯಿಗೆ ವಿಷ.

ತಗಡು ಬಾಗಿಲನ್ನು ಉಳಿಸುತ್ತದೆ, ನಾಯಿಯ ಭಯ ಹಾಗೆಯೇ ಇರುತ್ತದೆ. ಅದಕ್ಕೆ ತಾಳ್ಮೆಯ ಕೆಲಸ ಬೇರೆ ಇದೆ. ಮೊದಲು ಒಂದು ನಿಮಿಷ ಹೊರಗೆ ಹೋಗಿ ಬರುವುದು, ನಾಯಿ ಶಾಂತವಾಗಿದ್ದರೆ ಎರಡು ನಿಮಿಷ, ಹೀಗೆ ವಾರಗಟ್ಟಲೆ. ಹೊರಡುವ ಮುಂಚೆ ಚೆನ್ನಾಗಿ ಅಡ್ಡಾಡಿಸುವುದು. ಹೋಗುವಾಗ, ಬರುವಾಗ ಅತಿಯಾಗಿ ಮುದ್ದಾಡದಿರುವುದು. ಇದಕ್ಕೂ ಬಗ್ಗದಿದ್ದರೆ ಪಶುವೈದ್ಯರ ಸಲಹೆ, 1990ರ ದಶಕದ ಕೊನೆಯಿಂದ ಇದಕ್ಕೆಂದೇ ಔಷಧಿಗಳೂ ಇವೆ.

ಎಲ್ಲಕ್ಕಿಂತ ಹಳೆಯ ಉಪಾಯ ಬಾಗಿಲು ಮುಚ್ಚದಿರುವುದು. ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನಲ್ಲಿ ದೊಡ್ಡ ಗಡಿಯಾರದ ಕೆಳಗಿನ ಬಾಗಿಲಿಗೆ ಸುಮಾರು 1600ರ ಹೊತ್ತಿಗೆ ಬಿಷಪ್ ಒಬ್ಬರು ಬಡಗಿಗಳಿಂದ ತೂತು ಕೊರೆಸಿದರು, ಇಲಿ ಹಿಡಿಯುವ ಬೆಕ್ಕು ಹೋಗಿಬರಲೆಂದು. ಆ ದುಂಡು ತೂತು ಇಂದಿಗೂ ಇದೆ. ನಮ್ಮ ವಾಡೆಯ ದಿಡ್ಡಿಯೂ ಅದೇ ಜಾತಿಯದು, ದೊಡ್ಡ ಕದ ಮುಚ್ಚಿದ್ದರೂ ಸಣ್ಣ ದಾರಿ ತೆರೆದಿರುತ್ತದೆ. ಕೋಣೆಯ ಬಾಗಿಲ ಜಾಗದಲ್ಲಿ ಸೊಂಟದೆತ್ತರದ ಜಾಳಿಗೆಯ ಅಡ್ಡಬಾಗಿಲು ಹಾಕಿ, ನಾಯಿಗೆ ಹಾಲ್ ಮತ್ತು ಹಿತ್ತಿಲು ಕಾಣುವಂತೆ ಮಾಡಿದರೆ ಎಷ್ಟೋ ನಾಯಿಗಳು ಕೆರೆಯುವುದನ್ನೇ ಬಿಡುತ್ತವೆ. ಕಟ್ಟೆಯ ನಾಯಿಗೆ ಇದ್ದದ್ದು ಅದೇ ಅಲ್ಲವೇ? ಒಳಗೆ ಪ್ರವೇಶವಿರಲಿಲ್ಲ, ಆದರೆ ತೆರೆದ ಬಾಗಿಲಿನಿಂದ ಮನೆಮಂದಿಯೆಲ್ಲ ಕಾಣುತ್ತಿದ್ದರು.

ಮಳೆಗಾಲ ಬಂದರೆ ಕಾರದಗಾ–ಭೋಜ ಸೇತುವೆ, ಭೋಜವಾಡಿ–ಕುನ್ನೂರ ಸೇತುವೆ ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಪ್ರತಿವರ್ಷ ಇರುತ್ತದೆ. ನೀರು ಏರಿದಾಗ ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ಕಾಳಜಿ ಕೇಂದ್ರಕ್ಕೆ ಹೊರಡುತ್ತಾರೆ, ದನಗಳನ್ನು ಬಿಚ್ಚುತ್ತಾರೆ, ಮನೆಗೆ ಕೀಲಿ ಹಾಕುತ್ತಾರೆ. ನಾಯಿ ಈಗ ಕಟ್ಟೆಯ ಮೇಲಿಲ್ಲ, ಒಳಕೋಣೆಯಲ್ಲಿದೆ. ದೂಧಗಂಗಾ, ವೇದಗಂಗಾ, ಕೃಷ್ಣೆಯ ದಂಡೆಯ ಮನೆಯವರು ಈ ಸಲ ಕೀಲಿ ತಿರುಗಿಸುವ ಮುಂಚೆ ಒಳಗೊಮ್ಮೆ ಹೋಗಿ ನೋಡಲಿ. ನಾಯಿಯನ್ನು ಜೊತೆಗೆ ಕರೆದೊಯ್ಯಲಿ. ಅದಾಗದಿದ್ದರೆ ಕೊರಳ ಸರಪಳಿ ಬಿಚ್ಚಿ, ಮಾಳಿಗೆಗೆ ಹೋಗುವ ಬಾಗಿಲನ್ನಾದರೂ ತೆರೆದಿಟ್ಟು ಹೋಗಲಿ.